ಅಚ್ಚುಕೂಟದ ನೆರೆಯ ಮಗ್ಗ

ಮಂಗಳೂರಿನ ಬಾಸೆಲ್ ಮಿಶನ್ ಎಂದೊಡನೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ನೆನಪಾಗುವುದು ಅದರ ಅಚ್ಚುಕೂಟ. 1843ರ 'ಮಂಗಳೂರ ಸಮಾಚಾರ', 1872ರಲ್ಲಿ ಕಿಟೆಲ್ ಸಂಪಾದಿಸಿದ ಜೈನ ವೈಯಾಕರಣ ಕೇಶಿರಾಜನ 'ಶಬ್ದಮಣಿದರ್ಪಣ', 1894ರ ಕನ್ನಡ-ಇಂಗ್ಲಿಷ್ ನಿಘಂಟು ಇವೆಲ್ಲ ಅಲ್ಲಿಂದಲೇ ಹೊರಬಂದವು. ಅದೇ ಸಂಸ್ಥೆ ನಡೆಸಿದ ನೇಯ್ಗೆಯ ಕಾರ್ಖಾನೆಯನ್ನು ನಮ್ಮ ಸಾಹಿತ್ಯಚರಿತ್ರೆಗಳು ಸ್ಮರಿಸುವುದು ವಿರಳ.

ಮತಾಂತರಗೊಂಡವರು ಕುಲಕಸುಬನ್ನೂ ಬಂಧುಬಳಗದ ಆಸರೆಯನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಜೀವನೋಪಾಯ ಕಲ್ಪಿಸಲು ಮಿಶನ್ ಮಗ್ಗಗಳನ್ನು ಹೂಡಿತು. 1851ರಲ್ಲಿ ಬಂದ ನೇಯ್ಗೆಯ ಪರಿಣತ ಹಾಲರ್ ಯುರೋಪಿನ ಮಾದರಿಯ ಮಗ್ಗಗಳನ್ನು ತಂದು, ಬಣ್ಣಗಾರಿಕೆಯನ್ನೂ ಬೆಳೆಸಿದನು. ಖಾಕಿ ಬಟ್ಟೆಯ ಚರಿತ್ರೆಯಲ್ಲಿ ಮಂಗಳೂರಿನ ಹೆಸರು ಸೇರಿದ್ದು ಹೀಗೆ. ಮೊದಲ ಮಹಾಯುದ್ಧದ ಪರಿಣಾಮವಾಗಿ ಈ ಉದ್ಯಮಗಳು ಮಿಶನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು.

ಪುಸ್ತಕ ಕಪಾಟಿನಲ್ಲಿ ಉಳಿಯುತ್ತದೆ, ಬಟ್ಟೆ ಉಟ್ಟವರ ಮೈಮೇಲೆಯೇ ಸವೆದುಹೋಗುತ್ತದೆ. ಮಿಶನ್ನಿನ ವರದಿಗಳೂ ಛಾಯಾಚಿತ್ರಗಳೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪತ್ರಾಗಾರದಲ್ಲಿ ಸುರಕ್ಷಿತವಾಗಿವೆ. ಆದರೆ ವರದಿಗಳನ್ನು ಬರೆದವರು ಪಾದ್ರಿಗಳು, ನೇಕಾರರಲ್ಲ.

ಆದ್ದರಿಂದ ನೇಯ್ಗೆಯ ವಸ್ತುಸಂಗ್ರಹಾಲಯವೊಂದು ಮಗ್ಗವನ್ನು ಗಾಜಿನಾಚೆ ನಿಲ್ಲಿಸಿದರೆ ಸಾಲದು. ನೆಯ್ದವರ ನೆನಪುಗಳನ್ನೂ ಲಾಳಿ, ಹಣಿಗೆಗಳಂಥ ಅವರ ಕಸುಬಿನ ಮಾತುಗಳನ್ನೂ ಅದು ಕಾಪಾಡಬೇಕು. 'ಹಾಸುಹೊಕ್ಕು' ಎಂಬ ಪದವನ್ನು ವಿಮರ್ಶೆಯಲ್ಲಿ ನಾವು ದಿನವೂ ಬಳಸುತ್ತೇವೆ. ಹಾಸು ಉದ್ದದ ಎಳೆ, ಹೊಕ್ಕು ಅಡ್ಡದ ಎಳೆ ಎಂದು ತರಗತಿಯಲ್ಲಿ ವಿವರಿಸಬೇಕಾಗಿ ಬಂದಾಗ, ಮಗ್ಗದೊಡನೆ ಭಾಷೆಯೂ ಎಷ್ಟನ್ನು ಕಳೆದುಕೊಂಡಿದೆ ಎಂಬುದು ಅರಿವಾಗುತ್ತದೆ.