ಮಳೆನೆರಳಿನ ಅಂಚಿನ ಕೆರೆಗಳು

ಅರಬ್ಬಿ ಸಮುದ್ರದ ತೇವವನ್ನು ಹೊತ್ತು ಬರುವ ನೈಋತ್ಯ ಮಾರುತವು ಪಶ್ಚಿಮ ಘಟ್ಟವನ್ನೇರುವಾಗ ತಣಿದು, ಹೆಚ್ಚಿನ ಮಳೆಯನ್ನು ಅಲ್ಲಿಯೇ ಸುರಿಸುವುದರಿಂದ, ಪೂರ್ವಕ್ಕೆ ಸರಿದಂತೆ ಮಳೆ ಕುಗ್ಗುವ ‘ಮಳೆನೆರಳು’ ಪ್ರದೇಶ ಉಂಟಾಗುತ್ತದೆ. ಮಲೆನಾಡು ಬಯಲುಸೀಮೆಗೆ ತಿರುಗುವ ಅಂಚಿನಲ್ಲಿರುವ ಸೊರಬ, ಶಿಕಾರಿಪುರ ಸೀಮೆಗಳಲ್ಲಿ, ಕೆಲವೇ ತಿಂಗಳು ಸುರಿಯುವ ನೀರನ್ನು ಬೇಸಿಗೆಗೂ ಉಳಿಸಿಕೊಳ್ಳುವ ಉಪಾಯವಾಗಿ ಕೆರೆಗಳು ಹುಟ್ಟಿಕೊಂಡವು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದೆದುರಿನ ಸ್ತಂಭಶಾಸನವು, ಕದಂಬ ದೊರೆ ಕಾಕುಸ್ಥವರ್ಮನು ಅಲ್ಲಿ ಕೆರೆ ಕಟ್ಟಿಸಿದುದನ್ನು ದಾಖಲಿಸುತ್ತದೆ. 5ನೆಯ ಶತಮಾನದಲ್ಲಿ, ಅವನ ಮಗ ಶಾಂತಿವರ್ಮನ ಆಳ್ವಿಕೆಯಲ್ಲಿ ಅದನ್ನು ಕೆತ್ತಲಾಯಿತು. ಕದಂಬ ವಂಶದ ಸ್ಥಾಪಕ ಮಯೂರಶರ್ಮನ ವೃತ್ತಾಂತಕ್ಕಾಗಿ ಪ್ರಸಿದ್ಧವಾದ ಈ ಶಾಸನವು ಕೆರೆಯೊಂದರ ದಾಖಲೆಯೂ ಹೌದೆಂಬುದು ಇನ್ನಷ್ಟು ಗಮನಕ್ಕೆ ಅರ್ಹವಾಗಿದೆ. ಇಂಥ ಕೆರೆಯ ಏರಿ ನೀರನ್ನು ತಡೆದರೆ, ಏರಿಯಡಿಯ ನೀರುಗಂಡಿಯಾದ ತೂಬು ಅದನ್ನು ಅಳತೆಯಲ್ಲಿ ಗದ್ದೆಗೆ ಬಿಡುತ್ತದೆ; ಮಿಕ್ಕಿದುದು ಕೋಡಿಯಿಂದ ಹರಿದುಹೋಗುತ್ತದೆ.