ತಗಡಿನ ಕೊಳವೆಯೊಳಗಿನ ಕುದುರೆಗಳು

‘ಗಾಡಿ ಎಳೀತಾ ಇಲ್ಲ’ ಎಂದು ಯಾರಾದರೂ ಜಾವಾ ತಳ್ಳಿಕೊಂಡು ಬಂದರೆ ಹಳೆಯ ಮೆಕ್ಯಾನಿಕ್ ಮೊದಲು ಎಂಜಿನ್ನಿಗೆ ಕೈ ಹಾಕುತ್ತಿರಲಿಲ್ಲ. ಸೈಲೆನ್ಸರ್ ಬಿಚ್ಚುತ್ತಿದ್ದ. ಪೆಟ್ರೋಲಿನ ಜೊತೆ ಉರಿದ ಆಯಿಲ್ ಅದರೊಳಗೆ ಕರಿ ಹೆಪ್ಪಾಗಿ ಕೂತಿರುತ್ತಿತ್ತು. ಕಾಸ್ಟಿಕ್ ಸೋಡಾ ನೀರು ತುಂಬಿ ರಾತ್ರಿಯಿಡೀ ಬಿಡುವುದು, ಇಲ್ಲವೇ ಬೆಂಕಿ ಕೊಟ್ಟು ಸುಡುವುದು. ಆಮೇಲೆ ಮೆಲ್ಲಗೆ ತಟ್ಟಿದರೆ ಮಸಿ ಹಕ್ಕಳೆ ಹಕ್ಕಳೆಯಾಗಿ ನೆಲಕ್ಕೆ ಉದುರುವುದು. ಹೊಸ ಬಿಡಿಭಾಗ ಒಂದೂ ಬೇಕಿಲ್ಲ. ಏರಿನಲ್ಲಿ ನರಳುತ್ತಿದ್ದ ಗಾಡಿ ಮರುದಿನ ಸಲೀಸಾಗಿ ಹತ್ತುತ್ತಿತ್ತು.

ಟೂ-ಸ್ಟ್ರೋಕ್ ಎಂಜಿನ್ನಿನ ಗುಟ್ಟು ಗಾಳಿ ಒಳಗೆ ಬರುವ ಬಾಗಿಲಲ್ಲಿ ಎಷ್ಟಿದೆಯೋ, ಹೊಗೆ ಹೊರಗೆ ಹೋಗುವ ಕೊಳವೆಯಲ್ಲೂ ಅಷ್ಟೇ ಇದೆ. ನಮ್ಮ ಮೆಕ್ಯಾನಿಕ್ ಇದನ್ನು ಕೈಯಿಂದ ಕಲಿತ. ಇದನ್ನೇ ಲೆಕ್ಕ ಹಾಕಿ ತೋರಿಸಿದ್ದು ಪೂರ್ವ ಜರ್ಮನಿಯ ಚೋಪಾವ್ ಎಂಬ ಸಣ್ಣ ಊರಿನ ಕಾರ್ಖಾನೆ. ಅಲ್ಲಿ ದುಡ್ಡಿರಲಿಲ್ಲ, ಒಳ್ಳೆಯ ಲೋಹವೂ ಸುಲಭಕ್ಕೆ ಸಿಗುತ್ತಿರಲಿಲ್ಲ.

ಚೋಪಾವ್‌ನದು ಬಡತನದ ಚರಿತ್ರೆಯೇನಲ್ಲ. ಡೆನ್ಮಾರ್ಕಿನಿಂದ ಬಂದ ರಾಸ್ಮುಸೆನ್ ಅಲ್ಲಿ ಕಟ್ಟಿದ ಡಿಕೆಡಬ್ಲ್ಯು ಕಂಪನಿ 1920ರ ದಶಕದ ಕೊನೆಗೆ ಜಗತ್ತಿನಲ್ಲೇ ಅತಿ ಹೆಚ್ಚು ಮೋಟಾರ್‌ಸೈಕಲ್ ತಯಾರಿಸುತ್ತಿತ್ತು. ಅದರ ರೇಸ್ ಗಾಡಿಗಳು ಗೆಲ್ಲುತ್ತಿದ್ದದ್ದು ಸೂಪರ್‌ಚಾರ್ಜರ್ ಬಲದಿಂದ, ಅಂದರೆ ಗಾಳಿಯನ್ನು ಪಂಪಿನಿಂದ ಎಂಜಿನ್ನಿಗೆ ತುರುಕಿ. ಎರಡನೇ ಮಹಾಯುದ್ಧದ ನಂತರ ಎಲ್ಲವೂ ತಲೆಕೆಳಗಾಯಿತು. ಕಾರ್ಖಾನೆ ಸೋವಿಯತ್ ವಶಕ್ಕೆ ಹೋಯಿತು. ಡಿಕೆಡಬ್ಲ್ಯು ಹೆಸರು ಪಶ್ಚಿಮ ಜರ್ಮನಿ ಸೇರಿತು, ಚೋಪಾವ್‌ಗೆ ಮುಂದೆ ಉಳಿದದ್ದು ಎಂಜೆಡ್ ಎಂಬ ಹೊಸ ಹೆಸರು. ಸಾಲದ್ದಕ್ಕೆ ರೇಸ್ ಮೋಟಾರ್‌ಸೈಕಲ್‌ಗಳಲ್ಲಿ ಸೂಪರ್‌ಚಾರ್ಜರ್ ಬಳಸಬಾರದೆಂದು ಅಂತಾರಾಷ್ಟ್ರೀಯ ನಿಯಮವೂ ಬಂತು. ಟೂ-ಸ್ಟ್ರೋಕಿನ ಕಥೆ ಮುಗಿಯಿತು ಎಂದುಕೊಂಡವರೇ ಹೆಚ್ಚು.

1953ರಲ್ಲಿ ಅಲ್ಲಿನ ರೇಸ್ ವಿಭಾಗದ ಹೊಣೆ ವಾಲ್ಟರ್ ಕಾಡೆನ್ ಹೆಗಲಿಗೆ ಬಿತ್ತು. ಯುದ್ಧಕಾಲದಲ್ಲಿ ಪೇನೆಮ್ಯುಂಡೆಯಲ್ಲಿ ಜರ್ಮನಿಯ ಅಸ್ತ್ರಗಳ ಮೇಲೆ ದುಡಿದಿದ್ದ ಎಂಜಿನಿಯರ್ ಆತ. ಅವನ ಮುಂದಿದ್ದ ತೊಡಕು ಇದು: ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್‌ಗಳಿಲ್ಲ, ಸಿಲಿಂಡರ್ ಗೋಡೆಯಲ್ಲಿ ಕೊರೆದ ಕಿಂಡಿಗಳಷ್ಟೇ. ಸುಟ್ಟ ಹೊಗೆ ಹೊರಗೆ ಹೋಗುವ ಕಿಂಡಿ ತೆರೆದಿರುವಾಗಲೇ ಪೆಟ್ರೋಲ್ ಬೆರೆತ ಹೊಸ ಗಾಳಿ ಒಳಗೆ ನುಗ್ಗುತ್ತದೆ. ಅದರಲ್ಲಿ ಒಂದು ಪಾಲು ಉರಿಯುವ ಮೊದಲೇ ಹೊಗೆಯ ಹಿಂದೆ ಹೊರಗೆ ಓಡಿಹೋಗುತ್ತದೆ. ಮುಂಬಾಗಿಲಲ್ಲಿ ಬಂದ ನೆಂಟ ಹಿತ್ತಿಲ ಬಾಗಿಲಲ್ಲಿ ಹೋದ ಹಾಗೆ.

ಪರಿಹಾರದ ಎಳೆ ಡಿಕೆಡಬ್ಲ್ಯುನ ಎರಿಕ್ ವೋಲ್ಫ್ 1950ರ ದಶಕದ ಆರಂಭದಲ್ಲಿ ಮಾಡಿದ ಹೊಟ್ಟೆ ಉಬ್ಬಿದ ಕೊಳವೆಯಲ್ಲಿತ್ತು. ಕಾಡೆನ್ ಅದನ್ನು ಆಸಿಲೋಸ್ಕೋಪಿನ ಮುಂದೆ ಕೂರಿಸಿ, ಒಳಗಿನ ಒತ್ತಡದ ಅಲೆಗಳನ್ನು ಅಳೆದು ತಿದ್ದಿದ. ಕಿಂಡಿ ತೆರೆದ ಕೂಡಲೇ ಒತ್ತಡದ ಅಲೆಯೊಂದು ಕೊಳವೆಯುದ್ದಕ್ಕೂ ಓಡುತ್ತದೆ. ಕೊಳವೆ ಶಂಕುವಿನಂತೆ ಅಗಲವಾಗುವ ಕಡೆ ಅದು ಹೀರುವ ಅಲೆಯಾಗಿ ಹಿಂದಿರುಗಿ ಸಿಲಿಂಡರಿನ ಹೊಗೆಯನ್ನು ಎಳೆದುಕೊಳ್ಳುತ್ತದೆ, ಆ ಸೆಳೆತಕ್ಕೆ ಹೊಸ ಗಾಳಿಯೂ ರಭಸದಿಂದ ಒಳಬರುತ್ತದೆ. ಮುಂದೆ ಕೊಳವೆ ಮತ್ತೆ ಕಿರಿದಾಗುವ ಕಡೆ ಅಲೆ ತಳ್ಳುವ ಅಲೆಯಾಗಿ ವಾಪಸು ಬರುತ್ತದೆ. ತಪ್ಪಿಸಿಕೊಂಡು ಹೊರಟಿದ್ದ ಹೊಸ ಗಾಳಿಯನ್ನು ಕಿಂಡಿ ಮುಚ್ಚುವ ಮೊದಲು ಸಿಲಿಂಡರಿನೊಳಕ್ಕೆ ದೂಡುತ್ತದೆ. ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುವ ಎಂಜಿನ್ನಿನಲ್ಲಿ ಇಷ್ಟೆಲ್ಲ ನಡೆಯಬೇಕಾದ್ದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಸುಮಾರು ಮೂರು ಪಾಲಿನಷ್ಟು ಹೊತ್ತಿನಲ್ಲಿ. ಕೊಳವೆಯ ಉದ್ದ ಒಂದೆರಡು ಅಂಗುಲ ಹೆಚ್ಚುಕಡಿಮೆಯಾದರೂ ಅಲೆ ಹೊತ್ತು ತಪ್ಪುತ್ತದೆ.

ನಿಯಮ ಕಿತ್ತುಕೊಂಡ ಪಂಪಿನ ಕೆಲಸವನ್ನು ಚಲಿಸುವ ಭಾಗ ಒಂದೂ ಇಲ್ಲದ ತಗಡಿನ ಕೊಳವೆ ಮಾಡತೊಡಗಿತು! ಇದಕ್ಕೆ ಡೇನಿಯಲ್ ಟ್ಸಿಮ್ಮರ್‌ಮನ್ ಎಂಬ ಖಾಸಗಿ ರೇಸುಗಾರ ತನ್ನ ಗಾಡಿಗೆ ಅಳವಡಿಸಿಕೊಂಡಿದ್ದ ತಿರುಗುವ ಉಕ್ಕಿನ ತಟ್ಟೆಯ ವಾಲ್ವ್ ಜೊತೆಯಾಯಿತು, ಹೊಸ ಗಾಳಿಗೆ ಇನ್ನೊಂದು ಕಿಂಡಿಯೂ ಸೇರಿತು. 1961ರಲ್ಲಿ ಎಂಜೆಡ್‌ನ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಮುಟ್ಟಿತು. ಲೀಟರಿಗೆ 200 ಅಶ್ವಶಕ್ತಿಯ ಲೆಕ್ಕ. ಸೂಪರ್‌ಚಾರ್ಜರ್ ಇಲ್ಲದೆ ಅಲ್ಲಿಯವರೆಗೆ ಯಾರೂ ತಲುಪದ ಅಂಕಿ. ಅದೇ 1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಗಾಡಿ ತಯಾರಿಸಲು ಶುರುಮಾಡಿತ್ತು. ಅಲ್ಲಿನ 250 ಸಿಸಿ ಜಾವಾದ ಶಕ್ತಿ ಸುಮಾರು 12 ಅಶ್ವಶಕ್ತಿ. ರೇಸಿನ ಗಾಡಿಯನ್ನೂ ಹಾಲಿನ ಕ್ಯಾನು ಹೊರುವ ಗಾಡಿಯನ್ನೂ ಹೋಲಿಸುವುದು ನ್ಯಾಯವಲ್ಲ, ನಿಜ. ಆದರೂ ಅರ್ಧ ಗಾತ್ರದ ಎಂಜಿನ್ನಿನಿಂದ ಎರಡರಷ್ಟು ಶಕ್ತಿ ಬಂದದ್ದು ಬಹುಪಾಲು ಗಾಳಿಯ ಓಡಾಟ ತಿದ್ದಿದ್ದರಿಂದ.

ಆ ವರ್ಷದ ಆಗಸ್ಟಿನಲ್ಲಿ ಬರ್ಲಿನ್ ಗೋಡೆ ಎದ್ದಿತು. ಸೆಪ್ಟೆಂಬರಿನಲ್ಲಿ ಸ್ವೀಡನ್ ರೇಸಿಗೆ ಹೋದ ಎಂಜೆಡ್ ಸವಾರ ಎರ್ನ್‌ಸ್ಟ್ ಡೆಗ್ನರ್ ಮರಳಿ ಮನೆಗೆ ಬರಲಿಲ್ಲ. ಹೆಂಡತಿ ಮಕ್ಕಳು ಕಾರಿನ ಡಿಕ್ಕಿಯಲ್ಲಿ ಅಡಗಿ ಗಡಿ ದಾಟಿದರು, ಅವನು ಅತ್ತಲಿಂದ ಅತ್ತಲೇ ಪಶ್ಚಿಮಕ್ಕೆ ಹೊರಟ. ಚೋಪಾವ್‌ನ ವಿದ್ಯೆ ಅವನ ಜೊತೆ ಜಪಾನಿನ ಸುಜುಕಿ ಕಂಪನಿ ಸೇರಿತು. 1962ರಲ್ಲಿ 50 ಸಿಸಿ ವಿಶ್ವ ಚಾಂಪಿಯನ್‌ಶಿಪ್ ಡೆಗ್ನರನದಾಯಿತು. ಟೂ-ಸ್ಟ್ರೋಕ್ ಗಾಡಿ ಗೆದ್ದ ಮೊದಲ ಗ್ರ್ಯಾನ್ ಪ್ರಿ ವಿಶ್ವ ಪ್ರಶಸ್ತಿ ಅದು. ಸುಜುಕಾ ಟ್ರ್ಯಾಕಿನಲ್ಲಿ ಅವನು ಬಿದ್ದ ತಿರುವನ್ನು ಫಾರ್ಮುಲಾ ಒನ್ ನೋಡುವವರು ಇವತ್ತಿಗೂ ಡೆಗ್ನರ್ ತಿರುವೆಂದೇ ಕರೆಯುತ್ತಾರೆ. ಗುಟ್ಟು ಕಂಡುಹಿಡಿದ ಎಂಜೆಡ್‌ಗೆ ಮಾತ್ರ ಗ್ರ್ಯಾನ್ ಪ್ರಿ ವಿಶ್ವ ಪ್ರಶಸ್ತಿ ಒಮ್ಮೆಯೂ ದಕ್ಕಲಿಲ್ಲ.

ಇಂಥ ಕೊಳವೆ ಮಾಡಲು ದೊಡ್ಡ ಕಾರ್ಖಾನೆ ಬೇಕಿರಲಿಲ್ಲ. ಕಾಗದದಲ್ಲಿ ನಮೂನೆ ಕತ್ತರಿಸಿ, ತೆಳು ತಗಡನ್ನು ಶಂಕುವಿನಂತೆ ಸುತ್ತಿ, ಬೆಸುಗೆ ಹಾಕಿದರೆ ಆಯಿತು. 1973ರಲ್ಲಿ ಅಮೆರಿಕದ ಗಾರ್ಡನ್ ಜೆನ್ನಿಂಗ್ಸ್ ಇದರ ಲೆಕ್ಕಗಳನ್ನು ಪುಸ್ತಕವಾಗಿಸಿದ ಮೇಲಂತೂ ಮನೆಯ ಶೆಡ್ಡಿನಲ್ಲಿ ಅರ ಹಿಡಿದು ಕೂತವರೂ ಕಿಂಡಿಯ ಎತ್ತರ ಎಷ್ಟು, ಕೊಳವೆಯ ಉದ್ದ ಎಷ್ಟು ಎಂದು ಕೂಡಿ ಕಳೆಯತೊಡಗಿದರು.

ನಮ್ಮಲ್ಲಿ ಈ ಹುಚ್ಚು ಹತ್ತಿಸಿದ್ದು 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100. 98 ಸಿಸಿ, 11 ಅಶ್ವಶಕ್ತಿ. ಮೈಸೂರಿನ ಜಾವಾದ ಶಕ್ತಿಗೆ ಹತ್ತಿರ ಹತ್ತಿರ, ಎಂಜಿನ್ ಅರ್ಧಕ್ಕಿಂತ ಕಿರಿದು. ಯಮಹಾ ತಯಾರಿಸಿದ ಮೊಟ್ಟಮೊದಲ ಮೋಟಾರ್‌ಸೈಕಲ್, 1955ರ ವೈಎ-1, ಚೋಪಾವ್‌ನ ಡಿಕೆಡಬ್ಲ್ಯು ಆರ್‌ಟಿ 125 ಗಾಡಿಯ ನಕಲು. ಜಾವಾದ ಬೇರೂ ಅಲ್ಲಿಗೆ ದೂರವಲ್ಲ: ಆ ಹೆಸರಿನ ‘ವಾ’ ಬಂದದ್ದು ಚೋಪಾವ್ ಪಕ್ಕದ ಕೆಮ್ನಿಟ್ಸ್‌ನ ವಾಂಡರರ್ ಕಂಪನಿಯಿಂದ. ಜಾವಾದವರೂ ಯಮಹಾದವರೂ ನಮ್ಮ ಬೀದಿಗಳಲ್ಲಿ ಎಷ್ಟು ಜಗಳವಾಡಿದರೂ ಬಾಣಂತಿಕೋಣೆ ನೆರೆಹೊರೆಯದ್ದೇ.

ಕಾಲೇಜು ಹುಡುಗರು ಆರ್‌ಎಕ್ಸ್ ಕೊಂಡ ವಾರದಲ್ಲೇ ಸೈಲೆನ್ಸರ್ ಬಾಲದ ಬೋಲ್ಟ್ ಬಿಚ್ಚಿ ಒಳಗಿನ, ಸದ್ದಡಗಿಸುವ ಬ್ಯಾಫಲ್ ಎಳೆದು ಹಾಕುತ್ತಿದ್ದರು. ಖರ್ಚು ಸೊನ್ನೆ, ಸದ್ದು ಮೂರು ಬೀದಿಗೆ. ಗಾಡಿ ಓಡಿತೆಂಬ ಭ್ರಮೆ ಹೆಚ್ಚಾಗಿ ಕಿವಿಯದು. ಅರದಿಂದ ಕಿಂಡಿ ತೀಡಿಸಿ, ಕಾರ್ಬ್ಯುರೇಟರಿನ ಜೆಟ್ ಬದಲಿಸಿ, ಅದಕ್ಕೊಪ್ಪುವ ಕೊಳವೆ ಹಾಕಿಸಿದವರಿಗೆ ವೇಗ ನಿಜವಾಗಿಯೂ ಸಿಕ್ಕಿತು, ಜೊತೆಗೆ ಮೈಲೇಜ್ ಬಿತ್ತು.

1996ರ ಮಾರ್ಚಿನಲ್ಲಿ ಕಾಡೆನ್ ತೀರಿಕೊಂಡ. ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ, ಯಾದವಗಿರಿಯ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ. ಈಗ ಕರ್ನಾಟಕದ ಹಲವು ಊರುಗಳಲ್ಲಿ ಪೊಲೀಸರು ಕರ್ಕಶ ಸೈಲೆನ್ಸರ್‌ಗಳನ್ನು ಬೀದಿಯಲ್ಲಿ ಸಾಲಾಗಿ ಹಾಸಿ ರೋಡ್ ರೋಲರ್ ಹರಿಸುತ್ತಾರೆ. ಆ ರಾಶಿಯಲ್ಲಿ ಬರೀ ತೂತು ಕೊರೆದ ಟೂ-ಸ್ಟ್ರೋಕ್ ಸೈಲೆನ್ಸರ್ ಇದ್ದರೆ ಅದಕ್ಕಾಗಿ ಮರುಗಬೇಕಿಲ್ಲ. ಒತ್ತಡದ ಅಲೆ ಆ ತೂತಿನಿಂದ ಸೋರಿಹೋಗಿ ಗಾಡಿ ಶಕ್ತಿ ಕಳೆದುಕೊಂಡು ಎಷ್ಟೋ ಕಾಲವಾಗಿರುತ್ತದೆ.