ಮೊದಲ ಗುಟುಕು ಯಾರದು?

ಕ್ಯಾಲಿಫೋರ್ನಿಯಾದಲ್ಲಿದ್ದಾಗ ಗೆಳೆಯನೊಬ್ಬ "ಬಾ, ರಾಜನ ಜೊತೆ ಊಟ ಹಾಕಿಸ್ತೀನಿ, ತಟ್ಟೆ ಲೋಟ ಮಾತ್ರ ನೀನೇ ತಗೊಂಡು ಬಾ" ಅಂದ. ಹೋಗಿ ನೋಡಿದರೆ ಬಾಡಿಗೆಗೆ ಹಿಡಿದ ಒಂದು ಸಭಾಂಗಣ. ವಾರವಿಡೀ ಕಂಪ್ಯೂಟರ್ ಮುಂದೆ ಕೂರುವ ಜನ ಅವತ್ತು ಉದ್ದ ನಿಲುವಂಗಿ ತೊಟ್ಟು, ಸೊಂಟಕ್ಕೆ ಚರ್ಮದ ಪಟ್ಟಿ ಬಿಗಿದು, ಮೇಣದ ಬತ್ತಿಯ ಬೆಳಕಲ್ಲಿ ಕೂತಿದ್ದರು.

ಇವರದು 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ' ಅನ್ನೋ ಸಂಘ. 1966ರ ಮೇ 1ರಂದು ಬರ್ಕ್ಲಿಯಲ್ಲಿ ಮನೆಯೊಂದರ ಹಿತ್ತಲಲ್ಲಿ ನಡೆದ ಪಾರ್ಟಿಯಿಂದ ಹುಟ್ಟಿದ್ದು. 1600ಕ್ಕಿಂತ ಹಿಂದಿನ ಬದುಕನ್ನು, ಅದರಲ್ಲೂ ಯುರೋಪಿನದನ್ನು, ಮತ್ತೆ ಬಾಳಿ ನೋಡುವುದು ಇವರ ಹವ್ಯಾಸ. ಬೆತ್ತದ ಕತ್ತಿ ಹಿಡಿದು ಕಾದಾಡಿ ಗೆದ್ದವನೇ ಕೆಲವು ತಿಂಗಳ ಮಟ್ಟಿಗೆ ರಾಜ.

ಊಟದ ನಡುವೆ ಟೋಸ್ಟ್ ಶುರುವಾಯಿತು. ಬ್ರೆಡ್ಡಲ್ಲ, ಲೋಟ ಎತ್ತಿ ಹಾರೈಸುವ ಟೋಸ್ಟ್. ಮೊದಲು ರಾಜ ರಾಣಿಗೆ, ಆಮೇಲೆ ಮುಂದೆ ಪಟ್ಟಕ್ಕೆ ಬರುವವರಿಗೆ, ಆಮೇಲೆ ಸ್ಥಳೀಯ ಬ್ಯಾರನ್ನಿಗೆ. ಸಾಲು ತಪ್ಪುವಂತಿಲ್ಲ. ರಾಜಸೂಯದಲ್ಲಿ ಅಗ್ರಪೂಜೆ ಯಾರಿಗೆ ಅಂತ ಶಿಶುಪಾಲ ತಕರಾರು ತೆಗೆದದ್ದು ನೆನಪಾಯಿತು. ಅಲ್ಲಿ ಮದ್ಯಕ್ಕೆ ಅನುಮತಿ ಇರಲಿಲ್ಲ. ಕೆಲವರ ಲೋಟದಲ್ಲಿ 'ಸಿಕಂಜಬಿನ್' ಇತ್ತು. ವಿನೆಗರ್, ಜೇನು, ಪುದೀನ ಹಾಕಿದ ಹಳೆಯ ಪರ್ಷಿಯನ್ ಪಾನಕ. ನನ್ನದರಲ್ಲಿ ಬರೀ ನೀರು.

ಆಮೇಲೆ ಯಾರೋ ಎದ್ದು "ಇವತ್ತು ಮೊದಲ ಸಲ ಬಂದ ಅತಿಥಿಗಳಿಗೆ!" ಅಂದರು. ಎಲ್ಲರೂ ಎದ್ದರು. ನಾನೂ ಎದ್ದು ಗಟಗಟ ಕುಡಿದೆ. ಪಕ್ಕದ ಹೆಂಗಸು ಮೆತ್ತಗೆ ನನ್ನ ತೋಳು ಜಗ್ಗಿದರು. "ಹಾರೈಕೆ ನಿಮಗೇ ಆದಾಗ ನೀವು ಕೂತೇ ಇರಬೇಕು, ಕುಡೀಬಾರದು. ನಮಗೆ ನಾವೇ ಹಾರೈಸಿಕೊಂಡ ಹಾಗಾಗುತ್ತಲ್ಲ?" ನನ್ನ ಮುಖ ಕೆಂಪಾಯಿತು.

ಮನೆಗೆ ಬಂದ ಮೇಲೂ ಆ ಮುಜುಗರ ಹೋಗಲಿಲ್ಲ. ಹಳೆಯ ಪುಸ್ತಕ ಕೆದಕುತ್ತಾ ಕೂತೆ. ನೋಡಿದರೆ ಕಥೆಯೇ ಬೇರೆ.

'ಬೇವುಲ್ಫ್' ಕಾವ್ಯದಲ್ಲಿ ರಾಣಿ ವೆಲ್ತೆಯೋ ತಾನೇ ಬಟ್ಟಲು ಹಿಡಿದು ಸಭೆಗೆ ಬರುತ್ತಾಳೆ. ಮೊದಲು ಕೊಡುವುದು ತನ್ನ ಗಂಡ, ದೊರೆ ಹ್ರೋತ್‌ಗಾರನಿಗೆ. ಆಮೇಲೆ ಹಿರಿಯರು ಕಿರಿಯರು ಅಂತ ಸುತ್ತಿ, ಕೊನೆಗೆ ಅತಿಥಿ ಬೇವುಲ್ಫನ ಹತ್ತಿರ ಬರುತ್ತಾಳೆ. ಅವನು ಬಟ್ಟಲು ಹಿಡಿದೇ ರಾಕ್ಷಸನ ಜೊತೆ ಹೋರಾಡುವ ಶಪಥ ಮಾಡುತ್ತಾನೆ. ಸುಮಾರು 1136ರಲ್ಲಿ ಮಾನ್‌ಮತ್‌ನ ಜೆಫ್ರಿ ಬರೆದ ಬ್ರಿಟನ್ನಿನ ರಾಜರ ಚರಿತ್ರೆಯಲ್ಲೂ ಇಂಥದ್ದೇ ಒಂದು ಪ್ರಸಂಗ ಬರುತ್ತದೆ. ಅದರಲ್ಲಿ ಕಟ್ಟುಕತೆಯೇ ಜಾಸ್ತಿ, ಆದರೆ ಪದ್ಧತಿ ಅವನ ಕಾಲದ್ದು. ಸ್ಯಾಕ್ಸನ್ ಹುಡುಗಿ ದೊರೆಗೆ 'ವಾಸೇಲ್', ಅಂದರೆ ಆರೋಗ್ಯವಾಗಿರು, ಅನ್ನುತ್ತಾಳೆ. ದೊರೆ 'ಡ್ರಿಂಕೇಲ್' ಅಂತ ಉತ್ತರಿಸಿ, ಮೊದಲು ಅವಳಿಗೆ ಕುಡಿಯಲು ಹೇಳಿ, ಅವಳ ಕೈಯಿಂದ ಅದೇ ಬಟ್ಟಲು ತೆಗೆದುಕೊಂಡು ತಾನೂ ಕುಡಿಯುತ್ತಾನೆ.

ಅಂದ್ರೆ, ಹಾರೈಸಿಕೊಂಡವನು ಕುಡಿಯಲೇಬೇಕು! ಅದೂ ಒಂದೇ ಬಟ್ಟಲಿನಿಂದ.

ಎಂಜಲು ಅಂತ ಮೂಗು ಮುರಿಯುವವರು ಅಲ್ಲೂ ಇದ್ದರು. ಕುಡಿಯುವ ಮುಂಚೆ ಬಾಯಿ ಒರೆಸಿಕೋ ಅಂತ ಆ ಕಾಲದ ಶಿಷ್ಟಾಚಾರದ ಪುಸ್ತಕಗಳು ಹೇಳುತ್ತವೆ. ಆದರೆ ಎಂಜಲಿಗಿಂತ ದೊಡ್ಡ ಭಯ ಇನ್ನೊಂದಿತ್ತು. 978ರಲ್ಲಿ ಇಂಗ್ಲೆಂಡಿನ ಎಳೆಯ ದೊರೆ ಎಡ್ವರ್ಡ್ ಕಾರ್ಫ್‌ನಲ್ಲಿ ಕೊಲೆಯಾದ. ಮಲತಾಯಿ ಕೊಟ್ಟ ಬಟ್ಟಲು ಎತ್ತಿ ಕುಡಿಯುವಾಗಲೇ ಇರಿದರು ಅಂತ ಮುಂದೆ ಕಥೆ ಬೆಳೆಯಿತು. ಲಂಡನ್ನಿನ ಹಳೆಯ ವೃತ್ತಿಸಂಘಗಳ ಔತಣದಲ್ಲಿ ಇವತ್ತಿಗೂ ಒಬ್ಬ ಕುಡಿಯುವಾಗ ಪಕ್ಕದವನು ಅವನ ಬೆನ್ನು ಕಾದು ನಿಲ್ಲುತ್ತಾನೆ. ಕಾರಣ ಕೇಳಿದರೆ ಎಡ್ವರ್ಡನ ಕಥೆ ಹೇಳುತ್ತಾರೆ. ಬಟ್ಟಲು ಹಂಚಿಕೊಳ್ಳುವುದು ಅಂದರೆ ನಂಬಿಕೆ ಹಂಚಿಕೊಳ್ಳುವುದು.

ಇನ್ನು ಆ 'ಟೋಸ್ಟ್' ಅನ್ನೋ ಮಾತು? ಅದು ನಿಜಕ್ಕೂ ಬ್ರೆಡ್ಡೇ! ಮದ್ಯದೊಳಗೆ ಸುಟ್ಟ ರೊಟ್ಟಿಯ ತುಂಡು ಹಾಕುತ್ತಿದ್ದರು. ಶೇಕ್ಸ್‌ಪಿಯರನ ಫಾಲ್‌ಸ್ಟಾಫ್ ಕೂಡ ಅದನ್ನು ಕೇಳುತ್ತಾನೆ. ಹಾರೈಕೆಗೆ ಆ ಹೆಸರು ಅಂಟಿದ್ದು 1600 ದಾಟಿ ಎಷ್ಟೋ ವರ್ಷಗಳ ಮೇಲೆ. 1709ರಲ್ಲಿ 'ಟ್ಯಾಟ್ಲರ್' ಪತ್ರಿಕೆ ಹೇಳಿದ ಕಥೆ ಹೀಗಿದೆ: ಬಾತ್ ನಗರದ ಕೊಳದಲ್ಲಿ ಸುಂದರಿಯೊಬ್ಬಳು ಸ್ನಾನಕ್ಕೆ ಇಳಿದಿದ್ದಳು. ಅಭಿಮಾನಿಯೊಬ್ಬ ಅದೇ ನೀರನ್ನು ಲೋಟದಲ್ಲಿ ಎತ್ತಿ ಅವಳ ಹೆಸರಲ್ಲಿ ಕುಡಿದ. ಅಮಲಿನಲ್ಲಿದ್ದ ಇನ್ನೊಬ್ಬ, "ನನಗೆ ಪಾನೀಯ ಬೇಡ, ಒಳಗಿರುವ ಟೋಸ್ಟೇ ಬೇಕು" ಅಂತ ನೀರಿಗೆ ಹಾರಲು ಹೋದನಂತೆ. ನಿಜವೋ ಸುಳ್ಳೋ, ಆ ಕಥೆಯ ಲೋಟದಲ್ಲಿ ಇದ್ದದ್ದೂ ನೀರೇ. ನನಗೆ ಸಮಾಧಾನವಾಯಿತು.

ಹಾಗಾದರೆ ಆ ಹೆಂಗಸು ಹೇಳಿದ್ದು ತಪ್ಪೇ? ಮಧ್ಯಯುಗದ ಲೆಕ್ಕದಲ್ಲಿ ಹೌದು. ಆದರೆ ಇಲ್ಲಿ ಪ್ರತಿಯೊಬ್ಬರೂ ಲೋಟ ಮನೆಯಿಂದಲೇ ತರುತ್ತಾರೆ. ಬಟ್ಟಲು ಕೈಯಿಂದ ಕೈಗೆ ಹೋಗುವುದಿಲ್ಲ. ಹಾಗಿರುವಾಗ ಗೌರವ ತೋರಿಸೋದು ಹೇಗೆ? ಎಲ್ಲರೂ ಎದ್ದು ನಿಲ್ಲೋದು, ಒಬ್ಬ ಸುಮ್ಮನೆ ಕೂತು ಅದನ್ನು ಸ್ವೀಕರಿಸೋದು. ಬಟ್ಟೆ ಹನ್ನೆರಡನೇ ಶತಮಾನದ್ದು, ನಡವಳಿಕೆ ಮೊನ್ನೆ ಮೊನ್ನೆಯದು. ಅಪರಿಚಿತನನ್ನು ಪಂಕ್ತಿಗೆ ಸೇರಿಸಿಕೊಳ್ಳುವ ಕೆಲಸವನ್ನಂತೂ ಎರಡೂ ಮಾಡುತ್ತವೆ.

ಅವತ್ತಿನ ಕೊನೆಯ ಟೋಸ್ಟ್ ಅಡುಗೆಯವರಿಗೆ. ಬೆವರು ಒರೆಸಿಕೊಳ್ಳುತ್ತಾ ಐದಾರು ಜನ ಒಳಗಿಂದ ಬಂದು ನಿಂತರು. ಅವರ ಕೈಯಲ್ಲಿ ಲೋಟವೇ ಇರಲಿಲ್ಲ. ಮುಂದಿನ ಸಾಲಿನ ಮುದುಕರೊಬ್ಬರು ತಮ್ಮ ಲೋಟವನ್ನೇ ಚಾಚಿದರು. ಹಿರಿಯ ಅಡುಗೆಯಾಕೆ ಈಸಿಕೊಂಡು ಒಂದು ಗುಟುಕು ಕುಡಿದು ಪಕ್ಕದವನಿಗೆ ದಾಟಿಸಿದರು. ಅವರ ತೋಳನ್ನು ಯಾರೂ ಜಗ್ಗಲಿಲ್ಲ.